ಜಗಳಗಂಟಿಯರ ದ್ವೀಪಯಾತ್ರೆ

ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಅಕ್ಕಪಕ್ಕದವರು ಎರಡು ವಿಷಯ ತಪ್ಪದೆ ಹೇಳುತ್ತಿದ್ದರು. ಕುಡಿಯುವ ನೀರನ್ನು ಬೆಳಗ್ಗೆಯೇ ತುಂಬಿಟ್ಟುಕೊಳ್ಳಿ. ಪರದೆಯಕ್ಕನ ಎದುರಿಗೆ ಅವಳ ಓರಗಿತ್ತಿಯ ಸುದ್ದಿ ಎತ್ತಬೇಡಿ. ಎರಡನೆಯದನ್ನು ಒಮ್ಮೆ ಮರೆತು ಅನುಭವಿಸಿದವರು ಜನ್ಮದಲ್ಲಿ ಇನ್ನೊಮ್ಮೆ ಮರೆಯುತ್ತಿರಲಿಲ್ಲ.

ಪರದೆಯಕ್ಕ ಎಂದರೆ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವ ಹೆಂಗಸು. ಐವತ್ತು ದಾಟಿದ ವಯಸ್ಸು. ಮೈಕಟ್ಟು ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಮಂಡಿ ಮಾತ್ರ ಇತ್ತೀಚೆಗೆ ಕೈಕೊಡುತ್ತಿತ್ತು. ಆದರೆ ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮಿಷಿನ್ನು, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಥಾನುಗಳು, ಹಿತ್ತಾಳೆ ಉಂಗುರಗಳ ಡಬ್ಬಿ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಕಳಿಸುತ್ತ, ತಾನು ಮಾತ್ರ ಎಲ್ಲಿಗೂ ಹೋಗಲು ಒಪ್ಪದ ಆಸಾಮಿ. ಮೈದುನ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಪ್ರಯಾಣವೆಂದರೆ ಅವನಿಗೂ ಆಗದು, ಯಾಕೆಂದರೆ ದಾರಿಯುದ್ದಕ್ಕೂ ಬೋರ್ಡುಗಳಲ್ಲಿ ಕಾಗುಣಿತ ತಪ್ಪಿರುತ್ತದೆ. ಆ ಮೈದುನನ ಹೆಂಡತಿಯೇ ಓರಗಿತ್ತಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಕಡ್ಡಿಯಂಥ ಮೈ, ದಾರ ಕಟ್ಟಿದ ಕನ್ನಡಕ, ಎಲ್ಲದಕ್ಕೂ ಹೊತ್ತು ಗೊತ್ತು ನೋಡುವ ಸ್ವಭಾವ.

ಒಂದೇ ಮನೆ, ನಡುವೆ ಹಲಗೆಯ ಅಡ್ಡಗೋಡೆ. ಈ ಕಡೆ ಇವರು, ಆ ಕಡೆ ಅವರು. ಹಿಂದಿನ ಕೋಣೆಯಲ್ಲಿ ಅತ್ತೆ. ಅವರ ಕೋಣೆಗೆ ಮಾತ್ರ ಎರಡೂ ಕಡೆಯಿಂದ ಬಾಗಿಲು.

ಈ ಅಡ್ಡಗೋಡೆ ಎದ್ದದ್ದು ಒಂದು ಚಾದರದ ದೆಸೆಯಿಂದ. ಎಷ್ಟೋ ವರ್ಷದ ಹಿಂದೆ ಓರಗಿತ್ತಿ ಮಾಳಿಗೆಯ ತಂತಿಯ ಮೇಲೆ ಒಗೆದು ಹಾಕಿದ ನೀಲಿ ಚಾದರ, ಗಿರಾಕಿಗೆ ಕೊಡಲು ಸಿದ್ಧವಾಗಿದ್ದ ಬಿಳಿ ಪರದೆಯ ಮೇಲೆ ಬಣ್ಣ ಬಿಟ್ಟಿತು. ಮಾತಿಗೆ ಮಾತು ಬೆಳೆಯಿತು. ಚಾದರದಿಂದ ಶುರುವಾದದ್ದು ತವರಿನವರ ತನಕ ಹೋಯಿತು. ಅಣ್ಣ ತಮ್ಮ ಇಬ್ಬರೂ ದಿಕ್ಕು ತೋಚದೆ ಬಡಗಿಯನ್ನು ಕರೆಸಿ, ಮನೆಯ ನಡುವೆ ಹಲಗೆ ಹೊಡೆಸಿದರು.

ಆ ಮೊದಲ ಜಗಳ ಅಪ್ಪಟ. ಆಮೇಲಿನದೆಲ್ಲ ನಾಟಕ.

ಹಲಗೆ ಎದ್ದ ಕೆಲವು ವಾರಗಳಿಗೆ, ಯಾವುದೋ ಆಫೀಸಿನ ಕಿಟಕಿ ಅಳತೆಗೆ ಹೋಗುತ್ತೇನೆಂದು ಹೇಳಿ ಪರದೆಯಕ್ಕ ಮಧ್ಯಾಹ್ನದ ಸಿನಿಮಾಕ್ಕೆ ಹೋಗಿದ್ದಳು. ಕತ್ತಲಲ್ಲಿ ಪಕ್ಕದ ಸೀಟಿನ ಹೆಂಗಸು ಮೂಗು ಸೊರಸೊರ ಎಳೆಯುತ್ತ ಅಳುತ್ತಿದ್ದಳು. ಪಾಪ ಎನಿಸಿ ಪರದೆಯಕ್ಕ ತನ್ನ ಕರವಸ್ತ್ರ ಕೊಟ್ಟಳು. ಆಕೆ ಅದರಲ್ಲಿ ಕಣ್ಣೂ ಒರೆಸಿ ಮೂಗೂ ಸೀಟಿ ವಾಪಸು ಕೊಡುವ ಹೊತ್ತಿಗೆ ಇಂಟರ್‌ವಲ್ ಆಗಿ ದೀಪ ಹತ್ತಿತು. ನೋಡಿದರೆ ಓರಗಿತ್ತಿ! ಅಂಗಡಿಯಲ್ಲಿ ಸರಕಿನ ಲೆಕ್ಕಪರಿಶೀಲನೆ ಇದೆ ಎಂದು ಹೇಳಿ ಬಂದಿದ್ದಳು ಅವಳು.

“ಮನೇಲಿ ಹೇಳ್ಬೇಡಿ” ಎಂದಳು ಓರಗಿತ್ತಿ.

“ಮನೇಲಿ ಹೇಳ್ಬೇಡ” ಎಂದಳು ಪರದೆಯಕ್ಕ, ಅದೇ ಉಸಿರಿನಲ್ಲಿ.

ಇಬ್ಬರಿಗೂ ನಗು ಬಂತು. ಬಂದದ್ದು ನಿಲ್ಲಲಿಲ್ಲ. ತೆರೆಯ ಮೇಲೆ ನಾಯಕಿಯ ತಾಯಿ ಪ್ರಾಣ ಬಿಡುತ್ತಿದ್ದರೂ ನಿಲ್ಲಲಿಲ್ಲ. ಹಿಂದಿನ ಸೀಟಿನವನು ಬೈದ ಮೇಲೆ ಇಬ್ಬರೂ ಆಚೆ ಬಂದು, ಕ್ಯಾಂಟೀನಿನ ಬೆಂಚಿನಲ್ಲಿ ಕೂತು, ಚಹಾ ಕುಡಿದು, ಚಾದರದ ವ್ಯಾಜ್ಯವನ್ನು ಅಲ್ಲೇ ಮುಗಿಸಿದರು.

ಹಾಗಿದ್ದರೆ ಮನೆಯಲ್ಲಿ ರಾಜಿ ಯಾಕೆ ಆಗಲಿಲ್ಲ? ಆಗಬೇಕೆಂದೇ ಹೊರಟಿದ್ದರು. ಆದರೆ ಮನೆಗೆ ಬಂದು ನೋಡಿದರೆ, ಪರದೆಯಕ್ಕನ ಗಂಡ ಪಾತ್ರೆ ತೊಳೆಯುತ್ತಿದ್ದ. ಆ ಕಡೆ ಮೈದುನ ಕಸ ಗುಡಿಸುತ್ತಿದ್ದ. ಹೆಂಗಸರು ಸಿಟ್ಟಿನಲ್ಲಿದ್ದಾರೆ, ಕೆಣಕಬಾರದು ಎಂಬ ಭಯ. ಇಂಥ ಗಂಡಸರನ್ನು ಕೈಯಾರೆ ಕೆಡಿಸಿಕೊಳ್ಳಲು ಯಾವ ಹೆಂಗಸಿಗೆ ಮನಸ್ಸು ಬಂದೀತು? ರಾಜಿಯನ್ನು ಒಂದು ವಾರ ಮುಂದಕ್ಕೆ ಹಾಕಿದರು. ಆ ವಾರದಲ್ಲೇ ದೂರದ ಬಂಧುವೊಬ್ಬ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು, ಹಲಗೆಯ ಎರಡೂ ಬದಿಯ ಮೌನ ಕಂಡು ಹೆದರಿ ಮಾರನೆಯ ದಿನವೇ ಗಂಟು ಕಟ್ಟಿದ. ಯಾರದೋ ಮನೆಯ ಬೇಸರದ ಸಮಾರಂಭಕ್ಕೆ ಕರೆ ಬಂದರೆ “ಅವಳು ಬರ್ತಾಳೆ ಅಂದ್ರೆ ನಾನು ಬರಲ್ಲ” ಎಂದು ಇವಳು, “ಅವರು ಬರ್ತಾರೆ ಅಂದ್ರೆ ನಾನು ಬರಲ್ಲ” ಎಂದು ಅವಳು. ಕೊನೆಗೆ ಇಬ್ಬರೂ ಸಿನಿಮಾಕ್ಕೆ. ಇಷ್ಟು ಹಾಲು ಕರೆಯುವ ಹಸುವನ್ನು ಮಾರುವುದುಂಟೇ? ರಾಜಿ ಮುಂದಕ್ಕೆ ಹೋಗುತ್ತ ಹೋಗುತ್ತ ವರ್ಷಗಳೇ ಕಳೆದವು. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು. ಹಾವು ಮುಂಗುಸಿ ಎಂದರೆ ಬೀದಿಯವರಿಗೆ ಹಾವೂ ನೆನಪಾಗುತ್ತಿರಲಿಲ್ಲ, ಮುಂಗುಸಿಯೂ ನೆನಪಾಗುತ್ತಿರಲಿಲ್ಲ, ಇವರಿಬ್ಬರೇ.

ನಾಟಕದ ಅಭ್ಯಾಸವೂ ನಡೆಯುತ್ತಿತ್ತೆನ್ನಿ. ವಾರಕ್ಕೊಮ್ಮೆಯಾದರೂ ಹಲಗೆಗೆ ಸೌಟಿನಿಂದ ಬಡಿದು ನಾಲ್ಕು ಮಾತು ಆಡದಿದ್ದರೆ ಗಂಡಸರಿಗೆ ಅನುಮಾನ ಬಂದೀತು. ಆ ಮಾತುಗಳನ್ನು ಹಿಂದಿನ ಮಧ್ಯಾಹ್ನವೇ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೊಸೆಯುತ್ತಿದ್ದರು. “ಕಳೆದ ಸಲ ನನ್ನನ್ನ ಒಣಗಿದ ನುಗ್ಗೆಕಾಯಿ ಅಂದ್ರಲ್ಲ ಅಕ್ಕ, ತುಂಬ ಚೆನ್ನಾಗಿತ್ತು. ಈ ಸಲ ನಾನು ನಿಮ್ಮನ್ನ ಏನನ್ಲಿ?” ಎಂದು ಓರಗಿತ್ತಿ ಕೇಳಿದರೆ, “ಉರುಳೋ ಡ್ರಮ್ಮು ಅನ್ನು. ನಮ್ಮೋರಿಗೆ ಅರ್ಥ ಆಗುತ್ತೆ” ಎಂದು ಪರದೆಯಕ್ಕ ಧಾರಾಳವಾಗಿ ಹೇಳಿಕೊಡುತ್ತಿದ್ದಳು.

ಹೀಗಿರುವಾಗ ಪರದೆಯಕ್ಕನಿಗೆ ಪ್ರವಾಸದ ಏಜೆಂಟನೊಬ್ಬನ ಆಫೀಸಿಗೆ ಪರದೆ ಹೊಲಿಯುವ ಕೆಲಸ ಸಿಕ್ಕಿತು. ಅಳತೆ ಪಟ್ಟಿ ಹಿಡಿದು ಕಿಟಕಿಯ ಬಳಿ ಹೋದವಳು ಗೋಡೆಯ ಮುಂದೆ ನಿಂತುಬಿಟ್ಟಳು. ಅಲ್ಲೊಂದು ದೊಡ್ಡ ಚಿತ್ರ. ದೂರದ ದ್ವೀಪದೇಶವೊಂದರ ರಾಜಧಾನಿ. ತೆಂಗಿನ ಮರಗಳ ಸಾಲು, ಅದರ ಹಿಂದೆ ಗುಲಾಬಿ ಹಳದಿ ಬಣ್ಣದ ಕಟ್ಟಡಗಳು, ಬಂದರಿನ ತುಂಬ ದೋಣಿ, ನೀರಿನ ಅಂಚಿಗೆ ಒಂದು ಬಿಳಿಯ ದೀಪಸ್ತಂಭ. ಮೇಲೆ ದೀಪದ ಸುತ್ತ ಕೈಹಿಡಿಯ ಕಟಕಟೆ. ಅಲ್ಲೊಬ್ಬ ಹೆಂಗಸು ನಿಂತು ಸೆರಗಿನಂಥದೇನನ್ನೋ ಗಾಳಿಗೆ ಬಿಟ್ಟಿದ್ದಳು. ಜೀವಮಾನವಿಡೀ ಬೇರೆಯವರ ಕಿಟಕಿ ಮುಚ್ಚಿದ ಪರದೆಯಕ್ಕನಿಗೆ ಆ ಹೆಂಗಸನ್ನು ಕಂಡು ಹೊಟ್ಟೆ ಉರಿಯಿತು.

“ನೀವು ಹೋಗಿದ್ದೀರಾ ಇಲ್ಲಿಗೆ?” ಎಂದು ಏಜೆಂಟನನ್ನು ಕೇಳಿದಳು.

“ಕಳಿಸ್ತೀನಿ ಅಮ್ಮ, ಹೋಗಲ್ಲ. ನಂಗೆ ಸೆಕೆ ಆಗಲ್ಲ” ಎಂದ ಅವನು.

ಮಾರನೆಯ ಮಧ್ಯಾಹ್ನ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ಮೇಲೆ, ಆ ರಾಜಧಾನಿಯ ನಕ್ಷೆ ಹರಡಿತು.

“ಇಬ್ರೇ ಹೋಗೋಣ ಕಣೇ” ಎಂದಳು ಪರದೆಯಕ್ಕ.

“ಹೇಗೆ ಹೋಗೋದು ಅಕ್ಕ? ನಾವು ಒಬ್ಬರ ಮುಖ ಒಬ್ಬರು ನೋಡಲ್ವಲ್ಲ” ಎಂದು ಓರಗಿತ್ತಿ ಕನ್ನಡಕ ಒರೆಸಿಕೊಂಡಳು.

ಅದು ಕಷ್ಟವೇ ಆಗಿತ್ತು. ಸಿನಿಮಾಕ್ಕೆ ಕದ್ದು ಹೋಗಬಹುದು, ಸಮುದ್ರ ದಾಟಿ ಕದ್ದು ಹೋಗಲಾದೀತೇ? ಇಷ್ಟು ವರ್ಷ ಬೆಳೆಸಿದ ಜಗಳವೇ ಈಗ ದಾರಿಗೆ ಅಡ್ಡ ಮಲಗಿತ್ತು. ರಾಜಿಯಾಗಿಬಿಟ್ಟರೆ ಸುಲಭ, ಆದರೆ ಪಾತ್ರೆ ತೊಳೆಯುವ ಗಂಡಂದಿರು ಕೈತಪ್ಪುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಬ್ಬರೂ ತಲೆಗೆ ತಲೆ ತಾಗಿಸಿ ಯೋಚಿಸಿದರು. ಕೊನೆಗೆ ಪರದೆಯಕ್ಕ ತೊಡೆ ತಟ್ಟಿಕೊಂಡಳು.

“ನಾವಾಗಿ ಹೋಗೋದು ಬೇಡ. ಅವರೇ ನಮ್ಮನ್ನ ಕುತ್ತಿಗೆ ಹಿಡಿದು ಒಟ್ಟಿಗೆ ದಬ್ಬಲಿ.”

ಆ ಭಾನುವಾರ ಬೆಳಗ್ಗೆ ಗಂಡನ ಮುಂದೆ ತಟ್ಟೆ ಇಡುತ್ತ ಪರದೆಯಕ್ಕ ಬೀದಿಗೆ ಕೇಳುವ ಹಾಗೆ ಸಾರಿದಳು: “ರೀ, ನಾನು ದ್ವೀಪ ನೋಡೋಕೆ ಹೋಗ್ತೀನಿ. ಒಬ್ಬಳೇ.” ಅವಳ ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಹಲಗೆಯ ಆಚೆಯಿಂದ ಸೌಟಿನ ಸದ್ದು.

“ಕೇಳಿಸ್ತಾ ನಿಮ್ಮ ಅತ್ತಿಗೆ ಮಾತು? ನಾನು ಹೋಗ್ಬೇಕು ಅಂತಿದ್ದ ಊರು ಅದು! ನಾನೂ ಹೋಗ್ತೀನಿ. ಅದೇ ಹಡಗಲ್ಲಿ ಹೋಗ್ತೀನಿ. ಸಮುದ್ರ ಏನು ಇವರಪ್ಪ ತೋಡಿಸಿದ್ದಾ?”

“ಹೋಗು ಹೋಗು! ನೀನು ಹತ್ತಿದ್ರೆ ಹಡಗಿಗೆ ಗೊತ್ತೂ ಆಗಲ್ಲ, ಕಡ್ಡಿ!”

“ನೀವು ಹತ್ತಿದ್ರೆ ಗೊತ್ತಾಗುತ್ತೆ! ಒಂದು ಕಡೆ ವಾಲುತ್ತೆ!”

ವಾಲುವ ಮಾತು ಮೊದಲೇ ಹೊಸೆದದ್ದಲ್ಲ, ಆ ಕ್ಷಣಕ್ಕೆ ಹೊಳೆದದ್ದು. ಪರದೆಯಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಹೆಂಡತಿ ಅಳುತ್ತಿದ್ದಾಳೆಂದುಕೊಂಡು ಗಂಡ ತಾನೇ ತಟ್ಟೆ ತೊಳೆದಿಟ್ಟ.

ಕೆಲವು ದಿನ ಈ ಹಡಗಿನ ಜಗಳವೇ ನಡೆಯಿತು. ಗಂಡಸರು ಇಬ್ಬರೂ ಬಡವಾದರು. ಏಜೆಂಟನ ಕಿವಿಯಲ್ಲಿ ಪರದೆಯಕ್ಕ ಮೊದಲೇ ಒಂದು ಮಾತು ಹಾಕಿಟ್ಟಿದ್ದಳು. ವಿಚಾರಿಸಲು ಬಂದ ಅಣ್ಣ ತಮ್ಮಂದಿರಿಗೆ ಅವನು, ಉಳಿದಿರುವುದು ಇಬ್ಬರು ಮಲಗುವ ಒಂದೇ ಕೋಣೆ, ಒಬ್ಬೊಬ್ಬರೇ ಹೋಗುವುದಾದರೆ ಮುಂದಿನ ವರ್ಷ ಬನ್ನಿ ಎಂದು ಮುಖ ಸಪ್ಪೆ ಮಾಡಿ ಹೇಳಿದ. ಅಂದು ಸಂಜೆ ಗಂಡ ಬೂಟು ಬಿಚ್ಚುತ್ತ ಕೂತಿದ್ದಾಗ ಪರದೆಯಕ್ಕ ಮಿಷಿನ್ನಿನ ಮುಂದೆ ತನ್ನಷ್ಟಕ್ಕೇ ಗೊಣಗಿದಳು.

“ಒಂದೇ ಕೋಣೆಯಂತೆ. ಆ ಮಹಾತಾಯಿ ಜೊತೆ ಒಂದೇ ಕೋಣೇಲಿ ಮಲಗೋಕಾಗುತ್ತಾ? ಮೂರು ದಿನ ಒಟ್ಟಿಗಿದ್ರೆ ಮಾತಾಡಿಸ್ದೆ ಇರೋಕಾಗಲ್ಲ. ಮಾತಾಡಿಸಿದ್ರೆ ಎಲ್ಲಿ ರಾಜಿ ಆಗ್ಬಿಡುತ್ತೋ ಅಂತ ನಂಗೆ ಭಯ.”

ಗಂಡ ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ಕೂತ. ಕೆಟ್ಟು ನಿಂತ ಲಿಫ್ಟಿನೊಳಗೆ ತಲೆಹಾಕಿದಾಗ ಅವನ ಮುಖ ಹಾಗೆಯೇ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದೇ ಬೂಟಿನಲ್ಲಿ ಕುಂಟುತ್ತ ತಮ್ಮನ ಮನೆಗೆ ಹೋದ. ಹಲಗೆಯ ಆಚೆ ಪಿಸುಮಾತು ಕೇಳಿಸಿತು. “ಅಣ್ಣ, ಕೊಂದುಕೊಂಡ್ರೆ?” ಎಂದ ತಮ್ಮ. “ಇಲ್ಲ ಕಣೋ. ಹಡಗಿಂದ ಇಳಿಯೋಕಾಗಲ್ಲ, ಬೇರೆ ಕೋಣೆ ಇಲ್ಲ. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಆಚೆ ಬರೋ ಹೊತ್ತಿಗೆ ಅಣ್ಣ ತಮ್ಮ ಆಗಿರ್ತಾರೆ, ನಾನು ಕಂಡಿದ್ದೀನಿ” ಎಂದ ಅಣ್ಣ.

ಮರುದಿನ ಇಬ್ಬರೂ ಗಂಡಸರು ಇಬ್ಬರೂ ಹೆಂಗಸರಿಗೆ ಅಪ್ಪಣೆ ಕೊಟ್ಟರು. ಹೋಗುವುದಾದರೆ ಒಟ್ಟಿಗೆ, ಇಲ್ಲವಾದರೆ ಇಲ್ಲ. ಪರದೆಯಕ್ಕ ಎದೆ ಬಡಿದುಕೊಂಡಳು. ಓರಗಿತ್ತಿ ಒಂದು ಹೊತ್ತು ಊಟ ಬಿಟ್ಟಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪರದೆಯಕ್ಕ ತಂದುಕೊಟ್ಟ ಬನ್ನು ತಿಂದಳು.

ಎಲ್ಲ ನೆಟ್ಟಗೆ ನಡೆಯುತ್ತಿತ್ತು. ಇನ್ನು ಆ ದ್ವೀಪದಲ್ಲಿ ಏನೇನು ನೋಡುವುದು ಎಂಬುದೊಂದೇ ಬಾಕಿ. ಅಲ್ಲೇ ಎಡವಟ್ಟಾದದ್ದು.

ಓರಗಿತ್ತಿ ಪ್ರವಾಸವನ್ನೂ ಮಾತ್ರೆಯಂತೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದು ವಿಂಗಡಿಸಿದಳು. ಬೆಳಗ್ಗೆ ಕೋಟೆ, ಮಧ್ಯಾಹ್ನ ಮಳೆ ಬರುವ ಹೊತ್ತಿಗೆ ವಸ್ತುಸಂಗ್ರಹಾಲಯ, ಸಂಜೆ ಪೇಟೆ. ಪರದೆಯಕ್ಕನಿಗೆ ಸುಮ್ಮನೆ ಕಾಲು ಹೋದ ಕಡೆ ತಿರುಗುವ ಆಸೆ. ಆದರೂ ಒಪ್ಪಿದಳು. ಅವಳು ಕೇಳಿದ್ದು ಒಂದೇ, ದೀಪಸ್ತಂಭ. ಓರಗಿತ್ತಿ ನಕ್ಷೆಯಿಂದ ತಲೆ ಎತ್ತದೆ, “ಅದು ಮುಚ್ಚಿದೆಯಂತೆ ಅಕ್ಕ, ರಿಪೇರಿ” ಎಂದಳು. ಪರದೆಯಕ್ಕನ ಮುಖ ಇಳಿಯಿತು. ಹಣೆಯಲ್ಲಿ ಬರೆದಿಲ್ಲ ಎಂದು ಸುಮ್ಮನಾದಳು.

ಹೊಲಿದ ಪರದೆಗಳನ್ನು ನೇತುಹಾಕಲು ಏಜೆಂಟನ ಆಫೀಸಿಗೆ ಹೋದ ದಿನ, ಏಣಿಯ ಮೇಲಿಂದಲೇ ಆ ಚಿತ್ರ ನೋಡಿ ಅವಳು ನಿಟ್ಟುಸಿರು ಬಿಟ್ಟಳು. “ಪಾಪ, ರಿಪೇರಿ ಯಾವಾಗ ಮುಗಿಯುತ್ತೋ.”

“ಯಾವ ರಿಪೇರಿ?” ಎಂದ ಏಜೆಂಟ. “ದೀಪಸ್ತಂಭ ತೆರೆದೇ ಇದೆ. ನಾನು ನಿಮ್ಮ ಪಟ್ಟಿಯಲ್ಲಿ ಹಾಕಿದ್ದೆ. ನಿಮ್ಮ ಓರಗಿತ್ತಿ ಬಂದು ತೆಗೆಸಿದ್ರು, ನಿಮ್ಮ ಮಂಡಿಗೆ ಅಷ್ಟು ಮೆಟ್ಟಿಲು ಆಗಲ್ಲ ಅಂತ. ಪಾಪ, ನಿಮ್ಮ ಮೇಲೆ ಎಷ್ಟು ಕಾಳಜಿ! ಜಗಳ ಅಂತಿದ್ರು?”

ಪರದೆಯಕ್ಕ ಏಣಿಯಿಂದ ಇಳಿದಳು. ಉಂಗುರಗಳನ್ನು ಎಣಿಸದೆ ಡಬ್ಬಿಗೆ ಸುರಿದಳು. ದಾರಿಯಲ್ಲಿ ಔಷಧಿ ಅಂಗಡಿ ಇತ್ತು. ಒಳಗೆ ಹೋಗದೆ ಮುಂದೆ ನಡೆದಳು. ಅವಳನ್ನು ಕುಟುಕಿದ್ದು ಮಂಡಿಯ ಮಾತಲ್ಲ. ಊರಿಗೆಲ್ಲ ಸುಳ್ಳು ಹೇಳುತ್ತ ಬಂದ ಅವರಿಬ್ಬರು ಒಬ್ಬರಿಗೊಬ್ಬರು ಎಂದೂ ಸುಳ್ಳು ಹೇಳಿರಲಿಲ್ಲ, ಅಥವಾ ಹಾಗೆಂದು ಅವಳು ನಂಬಿದ್ದಳು. ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಗೆ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಓರಗಿತ್ತಿಯೇ ಹಿತ್ತಲಿನಲ್ಲಿ ಅಡ್ಡಗಟ್ಟಿ, “ಏನಾಯ್ತು ಅಕ್ಕ?” ಎಂದು ಪಿಸುಗುಟ್ಟಿದಳು.

“ದೀಪಸ್ತಂಭ ರಿಪೇರಿ ಆಯ್ತಂತೆ” ಎಂದಳು ಪರದೆಯಕ್ಕ, ಮೆಲ್ಲಗೆ. “ಮುದುಕಿಯನ್ನ ಕಟ್ಕೊಂಡು ಯಾಕೆ ಒದ್ದಾಡ್ತೀಯ? ಒಬ್ಬಳೇ ಹೋಗು.”

“ಸರಿ” ಎಂದಳು ಓರಗಿತ್ತಿ. ಅವಳಿಗೂ ರೋಷ ಬಂದಿತ್ತು. “ನೀವು ಬರದೆ ಇದ್ರೆ ನಾನೂ ಹೋಗಲ್ಲ ಅಂತ ಅಂದ್ಕೋಬೇಡಿ.”

ಆ ವಾರ ಹಲಗೆಗೆ ಸೌಟು ಬಡಿಯಲಿಲ್ಲ. ನುಗ್ಗೆಕಾಯಿಯೂ ಇಲ್ಲ, ಡ್ರಮ್ಮೂ ಇಲ್ಲ. ಎರಡೂ ಮನೆಗಳಲ್ಲಿ ಮಾತು ಸಣ್ಣಗಾಯಿತು. ಪರದೆಯಕ್ಕ ಗಂಡನಿಗೆ, “ನಂಗೆ ದ್ವೀಪ ಬೇಡ ರೀ” ಎಂದಳು, ಎಷ್ಟು ಮೃದುವಾಗಿ ಎಂದರೆ ಅವನು ಖುಷಿಯಿಂದ ತಮ್ಮನ ಬಳಿಗೆ ಓಡಿದ. “ನೋಡಿದ್ಯಾ? ಹೋಗೋಕೆ ಮುಂಚೆನೇ ತಣ್ಣಗಾದ್ರು!” ತಮ್ಮ, “ಇವಳೂ ಹಾಗೇ ಅಣ್ಣ, ಬಾಯೇ ಬಿಡ್ತಿಲ್ಲ” ಎಂದ. ಇಬ್ಬರೂ ಸಂತೋಷಪಟ್ಟರು. ಗಂಡಸರ ಬುದ್ಧಿ.

ಸಂತೋಷಪಡದವರು ಒಬ್ಬರೇ, ಅತ್ತೆ. ಒಂದು ಮಧ್ಯಾಹ್ನ ಗಂಡುಮಕ್ಕಳು ಕೆಲಸಕ್ಕೆ ಹೋಗಿದ್ದಾಗ ಅವರು ಎರಡೂ ಬಾಗಿಲು ತೆರೆಸಿ ಸೊಸೆಯರನ್ನು ಕೂಗಿದರು. ಇಬ್ಬರೂ ಬಂದು ತಮ್ಮ ತಮ್ಮ ಬಾಗಿಲಲ್ಲೇ ನಿಂತರು.

“ಕೂತ್ಕೊಳ್ಳಿ. ಅಲ್ಲಲ್ಲ, ಇಲ್ಲಿ. ಒಂದೇ ಮಂಚದ ಮೇಲೆ.”

ಕೂತರು. ನಡುವೆ ಒಂದು ದಿಂಬಿನಷ್ಟು ಜಾಗ.

“ಏನಾಗಿದೆ ನಿಮಗೆ?” ಎಂದರು ಅತ್ತೆ.

“ಏನಿಲ್ಲ ಅತ್ತೆ, ಯಾವಾಗಲೂ ಇರೋ ಜಗಳಾನೇ” ಎಂದಳು ಪರದೆಯಕ್ಕ.

“ನಂಗೆ ಕಿವಿ ಕೇಳಿಸುತ್ತೆ ಕಣೇ. ನಿಮ್ಮ ಯಾವಾಗಲೂ ಇರೋ ಜಗಳಕ್ಕೆ ಬೀದಿ ನಾಯಿ ಎದ್ದು ಓಡುತ್ತೆ. ಇದಕ್ಕೆ ಸದ್ದೇ ಇಲ್ಲ. ಹಾಗಾದ್ರೆ ಇದು ನಿಜವಾದದ್ದು.”

ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿದರು. ಓರಗಿತ್ತಿಯ ಕನ್ನಡಕ ಮೂಗಿನಿಂದ ಜಾರಿ ದಾರದಲ್ಲಿ ನೇತಾಡಿತು.

“ಅತ್ತೆ, ನಿಮಗೆ ಯಾವಾಗಿಂದ...?”

“ಶುರುವಿಂದ. ಒಬ್ಬಳು ಆ ಕಡೆ ಪಾತ್ರೆ ಉಜ್ಜುತ್ತಾ ಸಿನಿಮಾ ಹಾಡು ಗುನುಗ್ತಿದ್ರೆ, ಇನ್ನೊಬ್ಬಳು ಈ ಕಡೆ ಮಿಷಿನ್ ತುಳೀತಾ ಅದೇ ಹಾಡು. ಅವಳು ಸಾಲು ಮರೆತ್ರೆ ಇವಳು ಎತ್ಕೋತಿದ್ಲು. ನಾನೇನು ಕಲ್ಲಾ?”

“ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾಕೆ ಹೇಳ್ಲಿ? ಬೆಳಿಗ್ಗೆ ಈ ಬಾಗಿಲಿಂದ ಒಂದು ಲೋಟ ಚಹಾ, ಆ ಬಾಗಿಲಿಂದ ಒಂದು ಲೋಟ ಚಹಾ. ಅವಳು ಸ್ವೆಟರ್ ತಂದ್ರೆ ಹಿಂದೇನೇ ಇವಳು ಶಾಲು ತರ್ತಾಳೆ. ಜನ ನೋಡ್ಲಿ ಅಂತ ನಾಟಕಕ್ಕೆ ತಂದ್ರೂ ಶಾಲು ಬೆಚ್ಚಗೇ ಇರುತ್ತೆ. ನೀವು ರಾಜಿ ಆಗಿದ್ರೆ ಒಂದೇ ಲೋಟ ಬರ್ತಿತ್ತು, ಅದೂ ಆರಿದ್ದು.” ಅತ್ತೆ ಕಾಲು ಚಾಚಿ ಕೂತರು. “ಈಗ ಹೇಳಿ, ಯಾತಕ್ಕೆ ಈ ಮೌನ?”

ಪರದೆಯಕ್ಕ ಪಕ್ಕದವಳ ಕಡೆ ಬೆರಳು ಮಾಡಿದಳು. “ಇವಳು ನನ್ನ ಹತ್ರ ಸುಳ್ಳು ಹೇಳಿದ್ಲು ಅತ್ತೆ. ಗಂಡನ ಹತ್ರ ಹೇಳ್ಲಿ, ನಾನೂ ಹೇಳ್ತೀನಿ. ನನ್ನ ಹತ್ರ ಯಾಕೆ?”

“ನೀವು ಹೇಳ್ಲಿಲ್ವಾ?” ಎಂದಳು ಓರಗಿತ್ತಿ. ಅವಳಾಗಲೇ ಅಳುತ್ತಿದ್ದಳು, ಮೂಗು ಸೊರಸೊರ. “ಟಾಕೀಸಿನ ಮೆಟ್ಟಿಲ ಮೇಲೆ ಕೂತ್ಬಿಟ್ರಲ್ಲ, ಬೆವರು ಕಿತ್ತುಕೊಂಡು. ‘ಚಪ್ಪಲಿ ಉಂಗುಷ್ಟ ಕಿತ್ತು ಹೋಯ್ತು’ ಅಂದ್ರಿ. ಚಪ್ಪಲಿ ಚೆನ್ನಾಗೇ ಇತ್ತು ಅಕ್ಕ. ನಾನು ನೋಡಿದ್ದೆ. ನಿಮಗೆ ನೋವು ಅಂತ ನಂಗಾದ್ರೂ ಹೇಳ್ಬಹುದಿತ್ತಲ್ಲ? ದಿನಾ ನೋವಿನ ಮಾತ್ರೆ ಮಾರೋಳು ನಾನು.”

ಪರದೆಯಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರವಸ್ತ್ರ ತೆಗೆದು ಓರಗಿತ್ತಿಯ ಮಡಿಲಿಗೆ ಎಸೆದಳು. “ಮೊದಲು ಮೂಗು ಒರೆಸ್ಕೋ. ಅಸಹ್ಯ.”

“ಮುಗೀತಾ?” ಎಂದರು ಅತ್ತೆ. “ದೀಪಸ್ತಂಭಕ್ಕೆ ಹೋಗಿ. ಹತ್ತೋಕಾದಷ್ಟು ಹತ್ತಿ, ಆಗದೆ ಇದ್ರೆ ಅಲ್ಲೇ ಕೂತ್ಕೊಳ್ಳಿ. ಇದಕ್ಕೊಂದು ಪಂಚಾಯ್ತಿ. ಅದಿರಲಿ, ನನ್ನ ಟಿಕೆಟ್ ಎಲ್ಲಿ?”

“ಅತ್ತೆ!”

“ಏನು ಅತ್ತೆ? ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀನಿ. ನಂಗೆ ಒಂದು ಸಮುದ್ರ ತೋರಿಸೋಕಾಗಲ್ವಾ? ಇಲ್ಲಾಂದ್ರೆ ಸಂಜೆ ನನ್ನ ಮಕ್ಕಳು ಬರ್ತಾರೆ. ನಾನು ಹಾಡು ಹೇಳ್ತೀನಿ ನೋಡಿ, ಆ ಸಿನಿಮಾ ಹಾಡು.”

ಸಂಜೆ ಅತ್ತೆ ಹಾಡಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು, ಮುಖವನ್ನು ಹುಳಿ ಹಿಂಡಿದಂತೆ ಮಾಡಿ, “ಅವರಿಬ್ಬರನ್ನೇ ಕಳಿಸ್ಬೇಡ್ರೋ. ನಡುವೆ ಒಬ್ಬರು ಬೇಕು. ಏನ್ಮಾಡೋದು, ನಿಮಗೋಸ್ಕರ ನಾನೇ ಹೋಗ್ತೀನಿ” ಎಂದರು. ಗಂಡುಮಕ್ಕಳ ಕಣ್ಣಲ್ಲಿ ನೀರು ಬಂತು. ಏಜೆಂಟ ಎಲ್ಲಿಂದಲೋ ಇನ್ನೊಂದು ಹಾಸಿಗೆ ಹುಟ್ಟಿಸಿದ.

ಹಡಗಿನಲ್ಲಿ ಪರದೆಯಕ್ಕ ಎಡಗಡೆಯ ಕಟಕಟೆಗೆ, ಓರಗಿತ್ತಿ ಬಲಗಡೆಯ ಕಟಕಟೆಗೆ ಜೋತುಬಿದ್ದು ವಾಂತಿ ಮಾಡಿದರು. ವಾಂತಿಯ ಮಾತ್ರೆಗಳ ಪೊಟ್ಟಣ ಹಡಗಿನ ತಳದಲ್ಲಿ ಪೆಟ್ಟಿಗೆಯೊಳಗೆ ಭದ್ರವಾಗಿತ್ತು. ಅತ್ತೆ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಮೂವರ ಊಟವನ್ನೂ ಮುಗಿಸಿದರು.

ರಾಜಧಾನಿ ಚಿತ್ರದಲ್ಲಿದ್ದಂತೆಯೇ ಇತ್ತು. ಚಿತ್ರಕ್ಕೆ ಬೆವರು ಮತ್ತು ಮೀನಿನ ವಾಸನೆ ಮಾತ್ರ ಇರಲಿಲ್ಲ. ಹೋಟೆಲಿನವನು ಅವರಿಗೆ ಕೊಟ್ಟ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಏಜೆಂಟ ಹೇಳಿದ್ದು ಸಮುದ್ರ. ಓರಗಿತ್ತಿ ಕೈಸನ್ನೆಯಲ್ಲಿ ಕೇಳಿದಳು. ಹೋಟೆಲಿನವನು ತಲೆ ಅಲ್ಲಾಡಿಸಿದ. ಆಗ ಅತ್ತೆ ಸೊಸೆಯರ ಕಿವಿಯಲ್ಲಿ, “ಇಲ್ಲಿ ಯಾರಿಗೂ ನಮ್ಮ ಮಾತು ಬರಲ್ಲ. ಸುಮ್ನೆ ಶುರು ಮಾಡಿ” ಎಂದರು.

ಪರದೆಯಕ್ಕ ಸೆರಗು ಬಿಗಿದಳು. ಕೈ ಬೀಸಿ, ಕಣ್ಣು ಕೆಂಪಗೆ ಮಾಡಿ ಓರಗಿತ್ತಿಯ ಮೇಲೆ ಹರಿಹಾಯ್ದಳು: “ಮಖಮಲ್ಲು! ಹಿತ್ತಾಳೆ ಕೊಕ್ಕೆ! ಎರಡು ಮಡಿಕೆಯ ಅಂಚು!”

“ಪ್ಯಾರಸಿಟಮಾಲ್!” ಎಂದು ಓರಗಿತ್ತಿ ಚೀರಿದಳು. “ಊಟ ಆದ ಮೇಲೆ! ದಿನಕ್ಕೆ ಮೂರು ಸಲ! ಮಕ್ಕಳ ಕೈಗೆ ಸಿಗದ ಹಾಗೆ ಇಡಿ!”

“ಒಳಪದರ! ಒಳಪದರ ಇಲ್ಲದೆ ಬಿಸಿಲು ತಡೆಯೋಲ್ಲ!”

“ಚೆನ್ನಾಗಿ ಕುಲುಕಿ ಕುಡೀಬೇಕು!”

ಹಜಾರದಲ್ಲಿ ಜನ ಸೇರಿದರು. ಅತ್ತೆ ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತರು. ಎರಡು ಕೊಲೆಯಾಗುವುದನ್ನು ಕಣ್ಣಾರೆ ಕಾಣುವಂತಾದ ಹೋಟೆಲಿನವನು ಓಡಿಹೋಗಿ ಬೇರೆ ಬೀಗದ ಕೈ ತೆಗೆದುಕೊಟ್ಟ. ಮೇಲಿನ ಮಹಡಿಯ ಆ ಕೋಣೆಯ ಕಿಟಕಿಯ ತುಂಬ ಸಮುದ್ರ. ಬಾಗಿಲು ಹಾಕಿಕೊಂಡ ಮೇಲೆ ಮೂವರೂ ಹಾಸಿಗೆಗೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಗೆ ಬಿಕ್ಕಳಿಕೆ ಹತ್ತಿ ನೀರು ಕುಡಿಸಬೇಕಾಯಿತು. ಪರದೆಯಕ್ಕ ಕಿಟಕಿಯ ಪರದೆಯನ್ನು ಮುಟ್ಟಿ ನೋಡಿ, “ಹೊಲಿಗೆ ದರಿದ್ರ” ಎಂದು, ಅದನ್ನು ಪೂರ್ತಿ ಬದಿಗೆ ಸರಿಸಿದಳು.

ದೀಪಸ್ತಂಭಕ್ಕೂ ಹೋದರು. ಅತ್ತೆ ಕೆಳಗೆ ಐಸ್‌ಕ್ರೀಂ ಹಿಡಿದು ಕೂತರು. ಸೊಸೆಯರಿಬ್ಬರೂ ಸುತ್ತುಮೆಟ್ಟಿಲು ಹತ್ತತೊಡಗಿದರು. ಅರ್ಧಕ್ಕೆ ಬರುವ ಹೊತ್ತಿಗೆ ಪರದೆಯಕ್ಕನ ಮಂಡಿ ಖಡಾಖಂಡಿತವಾಗಿ ಬೇಡವೆಂದಿತು. ಈ ಸಲ ಅವಳು ಚಪ್ಪಲಿಯ ಹೆಸರು ಹೇಳಲಿಲ್ಲ.

“ನೋವು ಕಣೇ” ಎಂದು ಮೆಟ್ಟಿಲ ಮೇಲೆ ಕೂತಳು. “ನೀನು ಹೋಗಿ ನೋಡ್ಕೊಂಡು ಬಾ.”

“ನಂಗೂ ಉಸಿರು ನಿಂತಿದೆ ಅಕ್ಕ” ಎಂದು ಓರಗಿತ್ತಿ ಪಕ್ಕದಲ್ಲೇ ಕುಸಿದಳು.

ಗೋಡೆಯಲ್ಲೊಂದು ಸಣ್ಣ ಕಿಂಡಿ ಇತ್ತು. ಅದರಿಂದ ಸಮುದ್ರ ಕಾಣುತ್ತಿರಲಿಲ್ಲ. ಮೀನುಪೇಟೆಯ ತಗಡಿನ ಮಾಡು, ಅದರ ಮೇಲೆ ಮಲಗಿದ್ದ ಬೆಕ್ಕುಗಳು, ಯಾರದೋ ಮಾಳಿಗೆಯ ಮೇಲೆ ಗಾಳಿಗೆ ಹಾರಾಡುವ ಬಟ್ಟೆ ಇಷ್ಟೇ. ಇಬ್ಬರೂ ಅದನ್ನೇ ನೋಡುತ್ತ ಕೂತರು. ಮೇಲಿಂದ ಇಳಿದುಬಂದವರು ಅವರ ಕಾಲು ದಾಟಿಕೊಂಡು ಹೋದರು. ಕೆಳಗೆ ಬಂದಾಗ ಅತ್ತೆ, “ಮೇಲಿಂದ ಹೇಗಿತ್ತು?” ಎಂದರು. “ತುಂಬ ಚೆನ್ನಾಗಿತ್ತು” ಎಂದರು ಇಬ್ಬರೂ.

ವಾಪಸು ಬರುವಾಗ ಹಡಗಿನಲ್ಲಿ ಮುಂದಿನ ಮಾತುಕತೆ ನಡೆಯಿತು. ಪೂರ್ತಿ ರಾಜಿ ಎಂದರೆ ನಷ್ಟ. ಏನೂ ಇಲ್ಲವೆಂದರೆ ಗಂಡಂದಿರ ಮುಖ ನೋಡಲಾಗದು, ಪಾಪ. ತೂಗಿ ಅಳೆದು, ಎದುರಿಗೆ ಸಿಕ್ಕರೆ ಒಂದೆರಡು ಮಾತಾಡುವಷ್ಟು ರಾಜಿ ಎಂದು ನಿಶ್ಚಯಿಸಿದರು. ಉಳಿದದ್ದು ಹಲಗೆಯ ಎರಡು ಬದಿಗೆ. ಚಹಾದ ಲೋಟ ಮಾತ್ರ ಎರಡೂ ಬರಬೇಕೆಂದು ಅತ್ತೆ ಹಟ ಹಿಡಿದರು.

ಆ ಒಂದೆರಡು ಮಾತೇ ಗಂಡಸರಿಗೆ ಹಬ್ಬವಾಯಿತು. ಬಂದರಿನಲ್ಲಿ ಇಳಿಯುತ್ತಲೇ ಓರಗಿತ್ತಿ, “ನಿಮ್ಮ ಚೀಲ ಇಲ್ಲಿದೆ” ಎಂದದ್ದನ್ನೂ, ಪರದೆಯಕ್ಕ “ಹೂಂ” ಎಂದದ್ದನ್ನೂ ಅಣ್ಣ ತಮ್ಮ ಇಬ್ಬರೂ ಕಿವಿಯಾರೆ ಕೇಳಿ ಒಬ್ಬರ ಕೈ ಒಬ್ಬರು ಹಿಸುಕಿದರು.

ಕೆಲವು ದಿನಗಳ ನಂತರ ಪರದೆಯಕ್ಕ ಮುಂದಿನ ಕೋಣೆಯಲ್ಲಿ ಕೂತು ದೊಡ್ಡದೊಂದು ಪರದೆಯ ಅಂಚಿಗೆ ಗುಂಡುಪಿನ್ನು ಚುಚ್ಚುತ್ತಿದ್ದಳು. ಬಾಗಿಲ ಬಳಿ ಅವಳ ಗಂಡ ತನ್ನ ಜೊತೆ ಕೆಲಸ ಮಾಡುವವನೊಬ್ಬನನ್ನು ನಿಲ್ಲಿಸಿಕೊಂಡು ದನಿ ತಗ್ಗಿಸಿ ಹೇಳುತ್ತಿದ್ದ. “ಹೆಂಗಸರ ವಿಷಯ ನಿಂಗೆ ಗೊತ್ತಿಲ್ಲ ಮಾರಾಯ. ಬುದ್ಧಿ ಓಡಿಸ್ಬೇಕು. ಅವರಿಗೆ ಸುಳಿವೇ ಕೊಡಬಾರದು. ಒಂದೇ ಕೋಣೆ ಅನ್ನೋದು ನಂದೇ ಐಡಿಯಾ.”

ಹಲಗೆಯ ಆಚೆ ಏನೋ ಪಾತ್ರೆ ಕೈಜಾರಿ ಬಿತ್ತು. ಪರದೆಯಕ್ಕನ ತುಟಿಗಳ ನಡುವೆ ಒಂದು ಸಾಲು ಪಿನ್ನುಗಳಿದ್ದವು. ನಕ್ಕರೆ ನುಂಗಬೇಕಾದೀತೆಂದು ಅವಳು ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದೊಂದೇ ಪಿನ್ನನ್ನು ಬಾಯಿಂದ ತೆಗೆದು ಬಟ್ಟೆಗೆ ಚುಚ್ಚುತ್ತ ಹೋದಳು.